ದಿಂಬಿನ ಪಕ್ಕ ಇಟ್ಟ ಕಾಗದ

ಪ್ರೀತಿಯ ಪುಟ್ಟಿ,

ಬೆಳಗಿನ ಜಾವ ಐದೂವರೆ. ರಾತ್ರಿಯೆಲ್ಲ ಹೊರಳಾಡಿ ಈಗಷ್ಟೇ ನಿನಗೆ ನಿದ್ದೆ ಹತ್ತಿದೆ. ಸ್ಕೂಲಲ್ಲಿ ಪರೀಕ್ಷೆ ನಡೀತಿದೆ, ನನಗೆ ರಜೆ ಸಿಗಲಿಲ್ಲ, ಎಂಟು ಗಂಟೆ ಬಸ್ಸಿಗೆ ಹೊರಡಲೇಬೇಕು. ಎಬ್ಬಿಸಿ ಹೇಳೋಣ ಅಂದರೆ ನೀನು ಕಣ್ಣು ಮುಚ್ಚಿಕೊಂಡೇ ತಲೆಯಾಡಿಸಿಬಿಡ್ತೀಯ. ಅದಕ್ಕೇ ಬರೆದಿಡ್ತಿದ್ದೀನಿ.

ನಿನ್ನೆ ಬುದ್ಧಿಹಲ್ಲು ಕೀಳಿಸಿಕೊಂಡು ಶಿವಮೊಗ್ಗದಿಂದ ಬರುವಾಗ ಗಾಜನೂರು ದಾಟುವವರೆಗೂ ನೀನು ಬಟ್ಟೆಯ ಉಂಡೆ ಕಚ್ಚಿಕೊಂಡು ಸುಮ್ಮನೆ ಕೂತಿದ್ದೆ. ಮಂಡಗದ್ದೆ ಹತ್ತಿರ ಬಂದಾಗ ತುಟಿಯ ಜೋಮು ಬಿಡೋಕೆ ಶುರುವಾಯಿತು ಅಂತ ಕಾಣುತ್ತೆ, ಮುಖ ಕಿಟಕಿ ಕಡೆ ತಿರುಗಿಸಿದೆ. ನೋವಾ ಅಂದರೆ ಕೈಯಲ್ಲೇ ಇಲ್ಲ ಅಂದೆ. ಕಣ್ಣಂಚು ಮಾತ್ರ ಒದ್ದೆಯಾಗಿತ್ತು. ಆ 'ಇಲ್ಲ' ನನಗೆ ಚೆನ್ನಾಗಿ ಗೊತ್ತು ಪುಟ್ಟಿ. ನನ್ನನ್ನೇ ನೋಡಿ ಕಲಿತಿದ್ದೀಯ.

ನಾನು ಬುದ್ಧಿಹಲ್ಲು ಕೀಳಿಸಿಕೊಂಡಿದ್ದು 1999ರಲ್ಲಿ, ಮದುವೆಯಾಗಿ ಈ ಮನೆಗೆ ಬಂದ ಹೊಸತರಲ್ಲಿ. ಉಗುಳಬೇಡಿ ಅಂತ ಡಾಕ್ಟರು ಹೇಳಿದ್ದರೋ ಏನೋ, ನನ್ನ ಕಿವಿಗೆ ಬೀಳಲಿಲ್ಲ. ರಕ್ತ ನುಂಗಬಾರದು ಅಂದುಕೊಂಡು ಸಂಜೆಯಿಡೀ ಬಚ್ಚಲಲ್ಲಿ ಉಗುಳಿದೆ, ಮುಕ್ಕಳಿಸಿದೆ. ಗುಂಡಿಯಲ್ಲಿ ಹೆಪ್ಪುಗಟ್ಟಿದ್ದ ರಕ್ತ ಕಿತ್ತುಕೊಂಡು ಬಂತು. ಆ ಹೆಪ್ಪೇ ಗಾಯಕ್ಕೆ ಮುಚ್ಚಳ ಅನ್ನೋದು ಆಗ ಗೊತ್ತಿರಲಿಲ್ಲ. ಅದು ಹೋದರೆ ಒಳಗಿನ ಮೂಳೆ ಬರಿದಾಗಿ ನಿಲ್ಲುತ್ತೆ. ಮೂರನೇ ದಿನಕ್ಕೆ ದವಡೆಯಿಂದ ಕಿವಿಯವರೆಗೆ ಸೆಳೆತ ಹಿಡೀತು, ಬಾಯೆಲ್ಲ ಕೆಟ್ಟ ವಾಸನೆ. ಹೊಸ ಸೊಸೆ ಹಲ್ಲುನೋವು ಅಂತ ಮಲಗಿಬಿಟ್ಟಳು ಅನ್ನಿಸಿಕೊಳ್ಳೋದು ಬೇಡ ಅಂತ ಹಿಟ್ಟು ರುಬ್ಬಿದೆ, ಕೊಟ್ಟಿಗೆಗೆ ಹೋದೆ. ರಾತ್ರಿ ಎದ್ದು ಬಚ್ಚಲಿನ ತಣ್ಣನೆ ಗೋಡೆಗೆ ಕೆನ್ನೆ ಆನಿಸಿಕೊಂಡು ಕೂರ್ತಿದ್ದೆ. ನಿಮ್ಮಪ್ಪನಿಗೂ ಹೇಳಲಿಲ್ಲ.

ಕಂಡುಹಿಡಿದವರು ಅಜ್ಜಿ. ಆರನೇ ದಿನ ರಾತ್ರಿ ಎರಡು ಗಂಟೆಗೆ ಬಚ್ಚಲಿಗೆ ಬಂದವರು ನನ್ನನ್ನು ನೋಡಿದರು. ಏನೂ ಕೇಳಲಿಲ್ಲ. ಬೆಳಗ್ಗೆ ಮೊದಲ ಬಸ್ಸಿಗೆ ತಾವೇ ಕರೆದುಕೊಂಡು ಹೊರಟರು. ಡಾಕ್ಟರು ಗುಂಡಿ ತೊಳೆದು ಔಷಧಿ ಅದ್ದಿದ ಪಟ್ಟಿ ತುಂಬಿದರು, ಅರ್ಧ ಗಂಟೆಯಲ್ಲಿ ನೋವು ಇಳಿಯಿತು. ವಾಪಸ್ ಬರುವಾಗ ಅಜ್ಜಿ ನನ್ನ ಬಾಯಿ ಹತ್ತಿರ ಮೂಗು ತಂದು, "ಲವಂಗದ ವಾಸನೆ ಕಣೇ!" ಅಂದರು. ನಿಜ, ಆ ಪಟ್ಟಿಯಲ್ಲಿ ಹಾಕೋದು ಯೂಜಿನಾಲ್, ಲವಂಗದ ಎಣ್ಣೆಯಲ್ಲಿರುವ ಸತ್ವವೇ ಅದು. ಅವತ್ತಿನಿಂದ ಯಾರಿಗೆ ಹಲ್ಲುನೋವು ಬಂದರೂ ಅಜ್ಜಿ ಕೈಯಲ್ಲಿ ಲವಂಗದೆಣ್ಣೆ ಶೀಶೆ. ಇವತ್ತು ನಿನ್ನ ಹತ್ತಿರವೂ ತರ್ತಾರೆ. ಹಾಕಿಸಿಕೊಳ್ಳಬೇಡ. ಹಸಿ ಗಾಯಕ್ಕೆ ಬರೀ ಎಣ್ಣೆ ಬಿದ್ದರೆ ಸುಡುತ್ತೆ. ಬೇಡ ಅಂತ ಸನ್ನೆ ಮಾಡಿ ಅವರ ಕೈ ಹಿಡಿದುಕೋ, ಬೇಜಾರು ಮಾಡಿಕೊಳ್ಳಲ್ಲ.

ಇವತ್ತು ಹನ್ನೊಂದಕ್ಕೆ ಇಪ್ಪತ್ನಾಲ್ಕು ಗಂಟೆ ತುಂಬುತ್ತೆ. ಅಲ್ಲಿವರೆಗೂ ಮುಕ್ಕಳಿಸೋದು ಬೇಡ, ಉಗುಳೋದಂತೂ ಬೇಡವೇ ಬೇಡ. ಆಮೇಲೆ ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ, ಬಾಯಲ್ಲಿಟ್ಟುಕೊಂಡು ತಲೆ ಆ ಕಡೆ ಈ ಕಡೆ ವಾಲಿಸಿ, ಬಗ್ಗಿ ಸುಮ್ಮನೆ ಬಾಯಿ ತೆರೆ. ನೀರು ತಾನಾಗೇ ಬೀಳಲಿ. ಎಂಜಲು ಸ್ವಲ್ಪ ಕೆಂಪಗಿದ್ದರೆ ಹೆದರಬೇಡ. ಅಪ್ಪ ಎಳನೀರು ಕೆತ್ತಿಸಿ ತರ್ತಾರೆ, ಸ್ಟ್ರಾ ಹಾಕಿ ಹೀರಬೇಡ, ಹೀರಿದರೂ ಹೆಪ್ಪು ಕಿತ್ತು ಬರುತ್ತೆ. ಲೋಟಕ್ಕೆ ಬಗ್ಗಿಸಿಕೊಂಡು ಕುಡಿ.

ಗಂಜಿಯನ್ನು ಅನ್ನದ ಅಗುಳು ಸಿಗದ ಹಾಗೆ ಕಡೆದಿಟ್ಟಿದ್ದೀನಿ, ತುಪ್ಪ ಉಪ್ಪು ಹಾಕಿದೆ. ಒಂದೆಲಗದ ತಂಬುಳಿಗೆ ಮೆಣಸೂ ಇಲ್ಲ, ಒಗ್ಗರಣೆಯೂ ಇಲ್ಲ, ಒಂದು ಸಾಸಿವೆ ಕಾಳು ಹೋಗಿ ಗುಂಡಿಯಲ್ಲಿ ಕೂತರೂ ಕಷ್ಟ. ಮಾತ್ರೆ ಹೊಟ್ಟೆಗೆ ಏನಾದರೂ ಬಿದ್ದ ಮೇಲೇ. ಆ್ಯಂಟಿಬಯಾಟಿಕ್ ಮಾತ್ರ, ನೋವು ಹೋಯಿತು ಅಂತ ನಡುವೆ ಬಿಡಬೇಡ.

ಐಸನ್ನು ಅಪ್ಪನ ಹಳೇ ಪಂಚೆಯ ತುಂಡಲ್ಲಿ ಸುತ್ತಿ ಇಪ್ಪತ್ತು ನಿಮಿಷ ಕೆನ್ನೆಗೆ ಇಡು, ಇಪ್ಪತ್ತು ನಿಮಿಷ ಬಿಡು. ಆದರೂ ನಾಳೆ, ನಾಡಿದ್ದು ಬಾವು ಇನ್ನೂ ಜಾಸ್ತಿಯಾಗುತ್ತೆ. ಕನ್ನಡಿ ನೋಡಿ ಗಾಬರಿಯಾಗಬೇಡ, ಆಮೇಲೆ ಇಳಿಯುತ್ತೆ. ನಾಡಿದ್ದೇ ಆಫೀಸಿನ ಮೀಟಿಂಗಿಗೆ ಕೂರ್ತೀನಿ ಅಂದಿದ್ದೆಯಲ್ಲ, ಅದು ನನಗೆ ಸರಿ ಕಾಣಲಿಲ್ಲ. ಅಡ್ಡ ಮಲಗಿದ್ದ ಹಲ್ಲನ್ನು ಎರಡು ತುಂಡು ಮಾಡಿ ತೆಗೆದಿದ್ದಾರೆ, ಹೊಲಿಗೆ ಇದೆ, ಎರಡು ಬೆರಳು ಹೋಗುವಷ್ಟೂ ಬಾಯಿ ತೆರೆಯೋಕಾಗ್ತಿಲ್ಲ. ವಾರ ಪೂರ್ತಿ ರಜೆ ಬರೆದು ಕಳಿಸು.

ಆ ಎರಡು ತುಂಡೂ ದೇವರ ಗೂಡಿನ ಪಕ್ಕ ಕುಂಕುಮದ ಖಾಲಿ ಭರಣಿಯಲ್ಲಿವೆ. ನಿನ್ನ ಮೊದಲ ಹಾಲುಹಲ್ಲು ಬಿದ್ದಾಗ ಸಗಣಿ ಉಂಡೆಯೊಳಗಿಟ್ಟು ಹಂಚಿನ ಮೇಲೆ ಎಸೆದಿದ್ದೆವು, ಎರಡು ಸಲ ಜಾರಿ ಕೆಳಗೆ ಬಂತು, ಮೂರನೇ ಸಲ ನಿಂತಿತು. ಇದನ್ನೂ ಎಸೀಬೇಕಾ ಅಂತ ಅಜ್ಜಿ ಕೇಳ್ತಿದ್ದಾರೆ. ನಿನ್ನ ಬಾಯಿ ಸರಿಹೋದ ಮೇಲೆ ನೀನೇ ಹೇಳು.

ಒಂದು ಗಂಟೆಗೆ ನನಗೆ ಊಟದ ಬಿಡುವು. ನೋವು ಹತ್ತಕ್ಕೆ ಎಷ್ಟು ಅಂತ ಬರೀ ಒಂದು ಅಂಕಿ ಕಳಿಸು. ತುಟಿ, ನಾಲಿಗೆ ಇನ್ನೂ ಜೋಮು ಹಿಡಿದೇ ಇದ್ದರೆ, ಜ್ವರ ಬಂದರೆ, ರಕ್ತ ನಿಲ್ಲದಿದ್ದರೆ ಒಂದು ಗಂಟೆವರೆಗೂ ಕಾಯಬೇಡ, ಅಪ್ಪನ ಕೈಲಿ ಡಾಕ್ಟರಿಗೆ ಫೋನ್ ಮಾಡಿಸು. ಎಂಟಾದರೆ ಎಂಟು ಅಂತಲೇ ಬರಿ ಕಂದಾ. ಎರಡು ಅಂತ ಬರೆದು ರಾತ್ರಿ ಬಚ್ಚಲಲ್ಲಿ ಕೂರಬೇಡ.

ಅಮ್ಮ