ತೊಟ್ಟಿಲ ಪರದೆಯ ಬಿಳಿ

ಪ್ರೀತಿಯ ಮಗಳೇ,

ನಕಲು ಮಾಡಲು ಫ್ರಾನ್ಸಿನ ಚಿತ್ರಗಾರ್ತಿ ಬರ್ತ್ ಮೊರಿಸೊಳ ‘ತೊಟ್ಟಿಲು’ ಆರಿಸಿಕೊಂಡಿದ್ದೀಯಲ್ಲ, ಕುಂಚ ಹಿಡಿಯುವ ಮೊದಲು ಇದನ್ನೊಮ್ಮೆ ಓದು. 1872ರ ಎಣ್ಣೆಬಣ್ಣದ ಚಿತ್ರ. ಈಗ ಪ್ಯಾರಿಸ್ಸಿನ ಓರ್ಸೆ ಮ್ಯೂಸಿಯಂನಲ್ಲಿದೆ. ಎತ್ತರ 56 ಸೆಂ.ಮೀ., ಅಗಲ 46. ಕ್ಯಾನ್ವಾಸ್ ಅದೇ ಅಳತೆಯದ್ದು ತೊಗೊ.

ಕೂತವಳು ಬರ್ತ್‌ಳ ಅಕ್ಕ ಎಡ್ಮಾ, ಮಲಗಿದ್ದು ಎಡ್ಮಾಳ ಮಗಳು ಬ್ಲಾಂಶ್. ಅಕ್ಕತಂಗಿ ಜೊತೆಯಲ್ಲೇ ಚಿತ್ರಕಲೆ ಕಲಿತವರು. 1869ರಲ್ಲಿ ಮದುವೆಯಾದ ಮೇಲೆ ಅಕ್ಕ ಕುಂಚ ಬದಿಗಿಟ್ಟಳು. ಇದು ಗೊತ್ತಿದ್ದರೆ ಆ ಮುಖದಲ್ಲಿ ಬರೀ ವಾತ್ಸಲ್ಯ ತುಂಬಲು ನಿನ್ನ ಕೈ ಹಿಂಜರಿಯುತ್ತದೆ. ತುಟಿಗೆ ನಗು ಅಂಟಿಸಿದೆಯೋ, ಕ್ಯಾಲೆಂಡರಿನ ತಾಯಿಯಾಗಿಬಿಡುತ್ತಾಳೆ!

ಮೊದಲು ಎರಡು ತೋಳು ಗುರುತಿಸಿಕೊ: ಕೆನ್ನೆಗೆ ಆನಿಸಿದ ಅಮ್ಮನ ಎಡತೋಳು, ಹಾಗೇ ಮಡಿಸಿದ ಮಗುವಿನ ತೋಳು. ಅವಳ ನೋಟ ಮಗುವಿನ ಮುಚ್ಚಿದ ಕಣ್ಣಿಗೆ ಓರೆಯಾಗಿ ಇಳಿಯಬೇಕು. ಒಂದು ಬೆರಳಿನಷ್ಟು ತಪ್ಪಿದರೂ ಗೋಡೆ ನೋಡುತ್ತಿರುವಂತೆ ಕಾಣುತ್ತಾಳೆ.

ಕಷ್ಟವೆಲ್ಲ ಪರದೆಯಲ್ಲಿ. ನಮಗೂ ಮಗುವಿಗೂ ನಡುವೆ ಎಡ್ಮಾ ಅದನ್ನು ಎಳೆದಿದ್ದಾಳೆ. ಮಗು ಮಬ್ಬುಮಬ್ಬು, ಆದರೆ ಕಾಣುತ್ತದೆ. ಬಿಳಿಯಿಂದ ಶುರುಮಾಡಬೇಡ. ಪರದೆಯೇ ಇಲ್ಲವೆಂಬಂತೆ ಮಗು, ದಿಂಬು, ಹಿಂದಿನ ನೆರಳು ಎಲ್ಲವನ್ನೂ ಟರ್ಪೆಂಟೈನ್ ಬೆರೆಸಿ ತೆಳ್ಳಗೆ ಹಚ್ಚಿ, ಬೆರಳಿಗೆ ಅಂಟದಷ್ಟು ಒಣಗಲು ಬಿಡು. ಮಳೆಗಾಲದಲ್ಲಿ ವಾರವೂ ಹಿಡಿದೀತು. ಹಸಿಯ ಮೇಲೆ ಎಳೆದರೆ ಕೆಳಗಿನ ಬಣ್ಣ ಬಿಳಿಯೊಳಗೆ ಕಲಸಿ ಕೊಚ್ಚೆಯಾಗುತ್ತದೆ. ಆಮೇಲೆ ನೀಲಿ-ಬೂದು, ಒಂದಿಷ್ಟು ಗುಲಾಬಿ ಸೇರಿದ ಬಿಳಿಯನ್ನು, ಹಳೇ ಬಟ್ಟೆಯಲ್ಲಿ ಒರೆಸಿದ ಒಣಕುಂಚದಿಂದ ಬಟ್ಟೆ ಇಳಿಬಿದ್ದ ದಿಕ್ಕಿಗೇ ಎಳೆ. ಮೇಲಿನ ಪದರದಲ್ಲಿ ಎಣ್ಣೆ ತುಸು ಹೆಚ್ಚಿರಲಿ, ಇಲ್ಲದಿದ್ದರೆ ಮುಂದೆ ಬಿರುಕು. ದಪ್ಪ ಬಿಳಿ ಅಂಚಿಗೆ, ಮಡಿಕೆಗೆ ಮಾತ್ರ. ಒಂದೇ ಸಮ ಬಳಿದರೆ ಅದು ಪರದೆಯಲ್ಲ, ಹೊದಿಕೆ.

ಇನ್ನೊಂದು: ಅಂಗಡಿಯ ಟೈಟಾನಿಯಂ ಬಿಳಿ ಆ ಕಾಲದ ಸೀಸದ ಬಿಳಿಗಿಂತ ಬಲು ಜೋರು, ಕೆಳಗಿನದನ್ನು ನುಂಗಿಬಿಡುತ್ತದೆ. ಅರ್ಧಕ್ಕಿಂತ ಕಡಿಮೆ ಹಾಕು. ಸೀಸದ್ದು ವಿಷ, ಹುಡುಕಲು ಹೋಗಬೇಡ.

ಇದರ ಜೊತೆಗೆ ಅವಳ 1879ರ ದಾದಿಯ ಚಿತ್ರವನ್ನೂ ನೋಡು. ಮಗು ಬರ್ತ್‌ಳದೇ, ಜೂಲಿ, ಹಾಲೂಡಿಸುತ್ತಿರುವವಳು ಸಂಬಳದವಳು. ಒಬ್ಬಳದು ಹಾಲೂಡಿಸುವ ದುಡಿಮೆ, ಎದುರಿಗೆ ನಿಂತವಳದು ಚಿತ್ರ ಬರೆಯುವ ದುಡಿಮೆ. ಅದಕ್ಕೆ ಮಾತ್ರ ಈಗಲೇ ಕೈಹಾಕಬೇಡ: ಕುಂಚದ ಬೀಸಿನಲ್ಲಿ ಮುಖದ ಗೆರೆಗಳೇ ಕರಗಿವೆ, ನಕಲಿಗೆ ಹಿಡಿತ ಸಿಗುವುದಿಲ್ಲ.

ನಿನ್ನ
ಅಮ್ಮ