ಪುಟ್ಟಿಗೆ, ಹಾಸನದಿಂದ

ಪುಟ್ಟಿ,

ನಿನ್ನ ಕಾಗದದ ಕೊನೆಯಲ್ಲಿ ಒಂದು ಸಾಲು ಇತ್ತಲ್ಲ, "ಮಾವ, ನಾನು ಹೃದಯದ ಎಕೋ ಸ್ಕ್ಯಾನ್ ಕಲಿಸಿದ ಪಿಜಿ ವಿದ್ಯಾರ್ಥಿ ರಾತ್ರಿ ಡ್ಯೂಟಿಯಲ್ಲಿ ತಪ್ಪು ಹೇಳಿ ರೋಗಿ ಹೋದರೆ, ಅದು ನನ್ನ ಮೇಲೇ ಅಲ್ವಾ" ಅಂತ. ಎರಡು ರಾತ್ರಿ ನಿದ್ದೆ ಬರಲಿಲ್ಲ. ಹಾಗೇನಿಲ್ಲ ಬಿಡು ಅಂತ ಸುಮ್ನೆ ಬರೆದುಬಿಡಬಹುದಿತ್ತು. ಕೈ ಬರಲಿಲ್ಲ.

ನಾನು ಡ್ಯೂಟಿ ಮಾಡುತ್ತಿದ್ದ ಕಾಲದಲ್ಲಿ ಸಕಲೇಶಪುರದ ಕಡೆಯ ಎಸ್ಟೇಟಿನಿಂದ ಒಬ್ಬಳು ಬಂದಿದ್ದಳು. ಹೆರಿಗೆಯಾಗಿ ಮೂರು ವಾರ. ಮಲಗಿದರೆ ಉಸಿರು ಕಟ್ಟುತ್ತದೆ ಅಂತ ಗೋಡೆಗೆ ಒರಗಿ ಕೂತಿದ್ದಳು. ಬಿಪಿ ಕಡಿಮೆ. ಎಕೋ ನೋಡು ಅಂತ ಹೌಸ್ ಸರ್ಜನ್ ಹುಡುಗನಿಗೆ ಹೇಳಿ ಬೇರೆ ವಾರ್ಡಿಗೆ ಹೋದೆ. ಆಮೇಲೆ ಬಂದು ಬಾಗಿಲಲ್ಲೇ ನಿಂತು "ಹಾರ್ಟ್ ಸರಿ ಇದೆ ತಾನೇ?" ಅಂದೆ. ಹಾಗೆ ಕೇಳಿದರೆ ಯಾವ ಹುಡುಗ ಇಲ್ಲ ಅನ್ನುತ್ತಾನೆ ಹೇಳು. "ಸರಿ ಇದೆ ಸರ್" ಅಂದ. ರಾತ್ರಿಯೆಲ್ಲ ಸಲೈನ್ ಹೋಯಿತು. ಬೆಳಗ್ಗೆ ನಾನೇ ಎದೆಯ ಮೇಲೆ ಪ್ರೋಬ್ ಇಟ್ಟು ನೋಡಿದರೆ, ಮೈಗೆಲ್ಲ ರಕ್ತ ತಳ್ಳುವ ಎಡ ಕುಹರ ಚೀಲದ ಹಾಗೆ ಹಿಗ್ಗಿತ್ತು, ಗೋಡೆ ಅಲ್ಲಾಡುತ್ತಲೇ ಇರಲಿಲ್ಲ. ಬಾಣಂತಿಯರಲ್ಲಿ ಹೃದಯದ ಸ್ನಾಯು ಸೋತುಹೋಗುವ ಆ ಕಾಯಿಲೆ. ಅಂಥ ಹೃದಯಕ್ಕೆ ಆ ಸಲೈನ್ ಇನ್ನೂ ಹೊರೆಯಾಗಿತ್ತು. ಮಧ್ಯಾಹ್ನ ಹೋದಳು.

ಅವನು ಪ್ರೋಬನ್ನು ಒಂದು ಪಕ್ಕೆಲುಬು ಮೇಲಕ್ಕೆ ಇಟ್ಟಿದ್ದ ಅಂತ ಕಾಣುತ್ತದೆ. ಹೃದಯದ ತುದಿ ಸಿಗದಿದ್ದರೆ ಚಿತ್ರ ಮೊಂಡಾಗಿ ಬರುತ್ತದೆ, ಸೋತ ಹೃದಯವೂ ಚೆನ್ನಾಗಿ ಹಿಂಡುವ ಹಾಗೆ ಕಾಣುತ್ತದೆ. ಅದನ್ನು ಅವನಿಗೆ ನಾನು ಹೇಳಿಕೊಟ್ಟೇ ಇರಲಿಲ್ಲ. ಎಲ್ಲರೆದುರು ಬೈದೆ, ಅಷ್ಟೇ. ಆಮೇಲೆ ಅವನು ಆ ಮೆಷಿನ್ ಹತ್ತಿರ ಬರಲಿಲ್ಲ.

ಹಾಗಾಗಿ ನಿನ್ನ ಪ್ರಶ್ನೆಗೆ, ಹೌದು, ಸ್ವಲ್ಪ ನಿನ್ನ ಮೇಲೂ ಬರುತ್ತದೆ. ಹೀಗೆ ಬರೆದೆ ಅಂತ ಬೇಜಾರು ಮಾಡ್ಕೋಬೇಡ. ಆದರೆ ನೀನು ಹೆದರಬೇಕಾದ್ದು ಹುಡುಗರ ಕಣ್ಣು ತಪ್ಪುವುದಕ್ಕಲ್ಲ, ಅವರು ನಿನಗೆ ಹೆದರಿ "ಸರಿ ಇದೆ ಮೇಡಂ" ಅನ್ನುವುದಕ್ಕೆ.

ಈಗಿನ ಮೆಷಿನ್‌ಗಳು ಬೇರೆ, ನಾನು ಹೇಳುವುದು ಹಳೆಯದಾಗಿರಬಹುದು. ಒಂದು ಬಡಿತಕ್ಕೆ ಕುಹರದಿಂದ ಎಷ್ಟು ಪಾಲು ರಕ್ತ ಹೊರಗೆ ಹೋಗುತ್ತಿದೆ, ಆ ಇಎಫ್ ಎಷ್ಟು ಅಂತ ಶುರುವಿನಲ್ಲೇ ನಂಬರ್ ಕೇಳಬೇಡ. ಚೆನ್ನಾಗಿದೆ, ಕಮ್ಮಿಯಾಗಿದೆ, ತೀರಾ ಸೋತಿದೆ, ಇಷ್ಟು ಹೇಳಲಿ. "ಸರಿಯಾಗಿ ಕಾಣ್ತಿಲ್ಲ" ಅನ್ನುವುದೂ ಒಂದು ಉತ್ತರ ಅಂತ ಮೊದಲ ದಿನವೇ ಹೇಳಿಬಿಡು. ಎಡಗಡೆಯ ಎರಡು ಕೋಣೆಗಳ ನಡುವಿನ ಮೈಟ್ರಲ್ ಕವಾಟದ ಮುಂದಿನ ಎಲೆ, ತೆರೆದಾಗಲೂ ಹೃದಯದ ನಡುಗೋಡೆಯಿಂದ 7 ಮಿಲಿಮೀಟರ್‌ಗಿಂತ ಜಾಸ್ತಿ ದೂರದಲ್ಲೇ ಉಳಿದರೆ ಅನುಮಾನ ಪಡಲಿ. ಕವಾಟವೇ ಬಿಗಿದುಕೊಂಡಿದ್ದರೆ ಆ ಅಳತೆ ನಂಬುವ ಹಾಗಿಲ್ಲ, ಅದು ನಿನಗೆ ಗೊತ್ತೇ ಇದೆ.

ಆ ಎಲೆ ಅಂದಾಗ ನೆನಪಾಯಿತು. 1953ರಲ್ಲಿ ಸ್ವೀಡನ್ನಿನ ಲುಂಡ್‌ನಲ್ಲಿ ಹೃದಯದ ಡಾಕ್ಟರ್ ಎಡ್ಲರ್ ಮತ್ತು ಭೌತವಿಜ್ಞಾನಿ ಹರ್ಟ್ಸ್, ಲೋಹದಲ್ಲಿ ಬಿರುಕು ಹುಡುಕುವ ಯಂತ್ರ ತಂದು ಹೃದಯ ನೋಡಿದರಲ್ಲ, ಅದರಲ್ಲಿ ಕಂಡ ಒಂದು ಅಲೆಯನ್ನು ಎಡ್ಲರ್ ಮೊದಲು ಎಡ ಹೃತ್ಕರ್ಣದ, ಅಂದರೆ ಮೇಲಿನ ಕೋಣೆಯ, ಗೋಡೆ ಅಂದುಕೊಂಡಿದ್ದರು. ಅದು ಇದೇ ಎಲೆ ಅಂತ ಆಮೇಲೆ ಗೊತ್ತಾಯಿತು. ಎಕೋ ಶುರು ಮಾಡಿದವರಿಗೇ ಹಾಗಾಗಿತ್ತು ನೋಡು. ಇದನ್ನು ನಾನು ಆ ಹುಡುಗನಿಗೆ ಹೇಳಬಹುದಿತ್ತು.

ಅವನು ಈಗ ಎಲ್ಲಿದ್ದಾನೆ ಅಂತ ವಿಚಾರಿಸಿ ಅಡ್ರೆಸ್ ತರಿಸಿಕೊಂಡಿದ್ದೇನೆ. ಅವನಿಗೂ ಬರೆಯಬೇಕು. ಮೊದಲ ಸಾಲು ಏನು ಬರೆಯಲಿ ಅಂತಲೇ ಇನ್ನೂ ಹೊಳೆದಿಲ್ಲ.

ನಿನ್ನ ಮಾವ