ಎಚ್‌ಡಿ ಡಿವಿಡಿ ಸೋತಿದ್ದು ಚಿತ್ರ ಚೆನ್ನಾಗಿಲ್ಲ ಅಂತಲ್ಲ

ಮಾನ್ಯ ಸಂಪಾದಕರೇ,

ಸಿನಿಮಾ ಡಿಸ್ಕ್‌ಗಳ ಕಾಲ ಮುಗಿದ ಬಗ್ಗೆ ಕಳೆದ ಭಾನುವಾರದ ಪುರವಣಿಯಲ್ಲಿ ಬಂದ ಬರಹ ಓದಿದೆ. ಚೆನ್ನಾಗಿತ್ತು. ಆದರೆ ಮಾಮೂಲಿ ಡಿವಿಡಿಗಿಂತ ನಿಚ್ಚಳ ಚಿತ್ರ ಕೊಡುತ್ತಿದ್ದ ಎಚ್‌ಡಿ ಡಿವಿಡಿ ಎಂಬ ಡಿಸ್ಕನ್ನು ಒಂದೇ ಸಾಲಿನಲ್ಲಿ, ಗುಣಮಟ್ಟ ಸಾಲದೆ ತನ್ನ ಎದುರಾಳಿ ಡಿಸ್ಕ್ ಬ್ಲೂ-ರೇ ಎದುರು ಸೋತಿತು ಅಂತ ಮುಗಿಸಿಬಿಟ್ಟಿದ್ದಾರೆ. ಇದು ತಪ್ಪು. ಅದರ ಮೊದಮೊದಲ ಪ್ಲೇಯರ್‌ಗಳಲ್ಲಿ ಒಂದು ಇವತ್ತಿಗೂ ನಮ್ಮ ಮನೆಯಲ್ಲಿದೆ, ಹಾಗಾಗಿ ನಾಲ್ಕು ಮಾತು ಬರೆಯುತ್ತಿದ್ದೇನೆ.

2006ರಲ್ಲಿ ನಾನು ಕೆಲಸದ ಮೇಲೆ ಅಮೆರಿಕದ ಸ್ಯಾನ್ ಹೋಸೆಯಲ್ಲಿದ್ದೆ. ಆ ಏಪ್ರಿಲ್‌ನಲ್ಲಿ ತೋಷಿಬಾ ಕಂಪನಿಯ ಎಚ್‌ಡಿ ಡಿವಿಡಿ ಪ್ಲೇಯರ್ ಎಚ್‌ಡಿ-ಎ1 ಅಲ್ಲಿನ ಅಂಗಡಿಗಳಿಗೆ ಬಂತು. ಬೆಲೆ 499 ಡಾಲರ್. ಜೂನ್‌ನಲ್ಲಿ ಬಂದ ಸ್ಯಾಮ್‌ಸಂಗ್‌ನ ಮೊದಲ ಬ್ಲೂ-ರೇ ಪ್ಲೇಯರ್‌ಗೆ ಸಾವಿರ ಡಾಲರ್. ನಾನು ಎ1 ತಗೊಂಡೆ. ಮೊದಲ ರಾತ್ರಿ ನೋಡಿದ ಚಿತ್ರದಲ್ಲಿ ಒಬ್ಬ ಮುದುಕ ಉಣ್ಣೆ ಕೋಟು ಹಾಕಿ ಕಿಟಕಿ ಪಕ್ಕ ಕೂತಿರುತ್ತಾನೆ. ಆ ಕೋಟಿನ ನೇಯ್ಗೆ ಎಳೆ ಎಳೆಯಾಗಿ ಕಾಣುತ್ತಿತ್ತು. ಅದೇ ಚಿತ್ರದ ಡಿವಿಡಿಯಲ್ಲಿ ಅದು ಬರೀ ಕಂದು ಬಣ್ಣದ ಮುದ್ದೆ. ಡಿವಿಡಿಯ ಒಂದು ಫ್ರೇಮಿನಲ್ಲಿ ಹೆಚ್ಚೂಕಡಿಮೆ ಮೂರೂವರೆ ಲಕ್ಷ ಚುಕ್ಕೆ, ಇದರಲ್ಲಿ ಇಪ್ಪತ್ತು ಲಕ್ಷಕ್ಕೂ ಜಾಸ್ತಿ. ಲೆಕ್ಕ ಓದುವುದು ಬೇರೆ, ಕಣ್ಣಾರೆ ನೋಡುವುದು ಬೇರೆ ಅಲ್ವಾ.

ಹಾಗಂತ ಅದರಲ್ಲಿ ಕೊರತೆ ಇರಲಿಲ್ಲ ಅಂತ ನಾನು ಹೇಳುವುದಿಲ್ಲ. ಇತ್ತು, ಬೇಕಾದಷ್ಟಿತ್ತು. ಆನ್ ಮಾಡಿ ಡಿಸ್ಕ್ ಹಾಕಿದರೆ ಚಿತ್ರ ಮೂಡಲು ಸುಮಾರು ಒಂದು ನಿಮಿಷ ಕಾಯಬೇಕು. ಯಾಕೆಂದರೆ ಒಳಗಿದ್ದದ್ದು ಹೆಚ್ಚೂಕಡಿಮೆ ಒಂದು ಪೂರ್ತಿ ಕಂಪ್ಯೂಟರ್. ಇಂಟೆಲ್ ಪೆಂಟಿಯಂ 4 ಪ್ರೊಸೆಸರ್, 1 ಜಿಬಿ ರ‍್ಯಾಮ್, ಮೇಲೆ ಲಿನಕ್ಸ್. ಆಗ ನಮ್ಮ ಆಫೀಸಿನ ಎಷ್ಟೋ ಮೇಜುಗಳ ಮೇಲೂ 1 ಜಿಬಿ ಇರಲಿಲ್ಲ. ಬಿಚ್ಚಿ ಲೆಕ್ಕ ಹಾಕಿದ ಐಸಪ್ಲೈ ಸಂಸ್ಥೆ, ಬರೀ ಬಿಡಿಭಾಗಗಳಿಗೇ 670 ಡಾಲರ್ ಮೀರುತ್ತದೆ ಅಂತ ಅಂದಾಜು ಮಾಡಿತ್ತು. ಅಂದರೆ ಪ್ರತಿ ಡಬ್ಬಿಯನ್ನೂ ನಷ್ಟಕ್ಕೇ ಮಾರಿದ್ದಾರೆ. ಫ್ಯಾನ್ ಸದ್ದು ಬೇರೆ. ರಿಮೋಟಿನ ಗುಂಡಿಗಳು ಚಿಕ್ಕವು, ಕತ್ತಲಲ್ಲಿ ತಡಕಾಡಬೇಕು.

ಜನ ಜಾಸ್ತಿ ಗೊಣಗಿದ್ದು 1080ಪಿ, ಅಂದರೆ 1080 ಸಾಲಿನ ಪೂರ್ತಿ ಫ್ರೇಮನ್ನು ಒಂದೇ ಸಲಕ್ಕೆ ಕಳಿಸುವುದು, ಇಲ್ಲ ಅಂತ. ಎ1 ಗರಿಷ್ಠ 1080ಐ ಮಾತ್ರ ಕೊಡುತ್ತದೆ, ಅಂದರೆ ಒಂದು ಫ್ರೇಮನ್ನು ಸಾಲು ಬಿಟ್ಟು ಸಾಲು ಎರಡು ಕಂತಿನಲ್ಲಿ ಕಳಿಸುತ್ತದೆ. ಆದರೆ ಸಿನಿಮಾ ಸೆಕೆಂಡಿಗೆ 24 ಫ್ರೇಮ್ ಅಷ್ಟೇ ಇರುವುದರಿಂದ, ಟಿವಿ ಒಳ್ಳೆಯದಾಗಿದ್ದರೆ ಆ ಎರಡು ಕಂತನ್ನು ಜೋಡಿಸಿ ಪೂರ್ತಿ ಚಿತ್ರವನ್ನು ವಾಪಸ್ ಪಡೆಯುತ್ತದೆ, ಏನೂ ಕಳೆದುಹೋಗುವುದಿಲ್ಲ. ಟಿವಿಗೆ ಆ ಜಾಣತನ ಇಲ್ಲದಿದ್ದರೆ ಮಾತ್ರ ತೊಂದರೆ. ಮೇಲಾಗಿ ಆಗ ಮನೆಗಳಲ್ಲಿದ್ದ ಎಚ್‌ಡಿ ಟಿವಿಗಳಲ್ಲಿ ಬಹಳಷ್ಟಕ್ಕೆ 1080 ಸಾಲು ತೋರಿಸುವ ಶಕ್ತಿಯೇ ಇರಲಿಲ್ಲ.

ಧ್ವನಿಯದ್ದು ನಿಜವಾದ ಕೊರತೆ. ಮೂಲ ಧ್ವನಿಯನ್ನು ಏನೂ ಕಳೆಯದೆ ಕೊಡುವ ಡಾಲ್ಬಿ ಟ್ರೂಎಚ್‌ಡಿ ಪದ್ಧತಿ ಮೊದಲು ಎರಡು ಚಾನೆಲ್‌ಗೆ ಮಾತ್ರ ಸಿಗುತ್ತಿತ್ತು. ಅದೇ ವರ್ಷ ಬಂದ ಅಪ್‌ಡೇಟಿನ ಮೇಲೆ 5.1, ಅಂದರೆ ಆರು ಚಾನೆಲ್, ಆಯಿತು. ಇಲ್ಲಿ ಒಂದು ಒಳ್ಳೆಯ ಸಂಗತಿ ಇದೆ. ಹಿಂದೆ ನೆಟ್‌ವರ್ಕ್ ಕೇಬಲ್ಲಿಗೆ ಜಾಗ ಇತ್ತು, ಸಿಕ್ಕಿಸಿದರೆ ಹೊಸ ಸಾಫ್ಟ್‌ವೇರ್ ತಾನೇ ಇಳಿಸಿಕೊಳ್ಳುತ್ತಿತ್ತು. ಎಚ್‌ಡಿ ಡಿವಿಡಿಯಲ್ಲಿ ಪ್ರತಿ ಪ್ಲೇಯರಿಗೂ ಇದು ಕಡ್ಡಾಯವಾಗಿತ್ತು. ಮೊದಲ ಬ್ಲೂ-ರೇ ಪ್ಲೇಯರ್‌ಗಳಿಗೆ ಅಂಥ ನಿಯಮವೇ ಇರಲಿಲ್ಲ. ಸಿನಿಮಾ ಓಡುತ್ತಿದ್ದಾಗಲೇ ಮೂಲೆಯಲ್ಲಿ ಇನ್ನೊಂದು ವಿಡಿಯೋ ತೋರಿಸುವುದೂ ಇದರಲ್ಲಿ ಮೊದಲಿಂದ ಇತ್ತು, ಬ್ಲೂ-ರೇಯಲ್ಲಿ ಆಮೇಲೆ ಬಂತು. ಗುಣಮಟ್ಟ ಸಾಲದು ಅಂತ ಬರೆದವರು ಇದನ್ನು ಗಮನಿಸಬೇಕಿತ್ತು.

ಡಿಸ್ಕಿನ ವಿಷಯಕ್ಕೆ ಬಂದರೆ, ಎರಡಕ್ಕೂ ಒಂದೇ ನೀಲಿ ಲೇಸರ್, 405 ನ್ಯಾನೋಮೀಟರ್. ಬ್ಲೂ-ರೇ ಒಂದು ಪದರಕ್ಕೆ 25 ಜಿಬಿ ಹಿಡಿಸುತ್ತದೆ, ಎಚ್‌ಡಿ ಡಿವಿಡಿ 15. ಈ ವಿಷಯದಲ್ಲಿ ಬ್ಲೂ-ರೇ ಮುಂದೆ, ಒಪ್ಪಿದೆ. ಆದರೆ ಮೊದಮೊದಲ ಬ್ಲೂ-ರೇ ಡಿಸ್ಕ್‌ಗಳಲ್ಲಿ ಹಲವು, ವಿಡಿಯೋ ಕುಗ್ಗಿಸುವ ಹಳೇ ಎಂಪೆಗ್-2 ಪದ್ಧತಿಯಲ್ಲಿ ಬಂದವು, ಅದಕ್ಕೆ ಜಾಗ ಜಾಸ್ತಿ ಬೇಕು. ಎಚ್‌ಡಿ ಡಿವಿಡಿಯವರು ವಿಸಿ-1 ಎಂಬ ಹೊಸ ಪದ್ಧತಿ ಬಳಸಿ ಕಡಿಮೆ ಜಾಗದಲ್ಲೇ ಒಳ್ಳೆಯ ಚಿತ್ರ ಕೊಟ್ಟರು. 2006ರಲ್ಲಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದವರನ್ನು ಕೇಳಿ.

ಇನ್ನೊಂದು ಮಾತು ನಮ್ಮ ಕನ್ನಡದವರಿಗೇ ಸೇರಿದ್ದು. ಎಚ್‌ಡಿ ಡಿವಿಡಿಯಲ್ಲಿ ಕನ್ನಡ ಚಿತ್ರ ನನಗೆ ಒಂದೂ ಸಿಗಲಿಲ್ಲ. ಆದರೆ ಈ ಪ್ಲೇಯರ್ ಮಾಮೂಲಿ ಡಿವಿಡಿಯನ್ನು ಹಿಗ್ಗಿಸಿ ತೋರಿಸುವುದರಲ್ಲಿ ಬಹಳ ಗಟ್ಟಿ. ಊರಿಂದ ಬಂದ ಅಪ್ಪ ಬ್ಯಾಗಿನಲ್ಲಿ ರಾಜ್‌ಕುಮಾರ್ ಚಿತ್ರಗಳ ಡಿವಿಡಿ ತಂದಿದ್ದರು, ಯಾವ ದೇಶದ ಪ್ಲೇಯರಿನಲ್ಲಾದರೂ ಓಡುವಂಥವು. ಹಾಕಿದೆ. ಪ್ರಿಂಟಿನ ಗೀರು ಹಾಗೇ ಇತ್ತು, ಆದರೆ ಮುಖಗಳು ನಿಚ್ಚಳವಾಗಿದ್ದವು. ಅಪ್ಪ ಸೋಫಾದಿಂದ ಎದ್ದು ಟಿವಿ ಹತ್ತಿರ ಹೋಗಿ ನಿಂತೇ ಒಂದು ಹಾಡು ಪೂರ್ತಿ ನೋಡಿದರು.

ಮತ್ತೆ ಸೋತಿದ್ದು ಯಾಕೆ? ಸೋನಿ ತನ್ನ ಪ್ಲೇಸ್ಟೇಷನ್ 3ರ ಒಳಗೇ ಬ್ಲೂ-ರೇ ಇಟ್ಟಿತು, ಆಟಕ್ಕೆ ಅಂತ ಕೊಂಡವರ ಮನೆಗೂ ಅದು ಹೊಕ್ಕಿತು. ದೊಡ್ಡ ಸ್ಟುಡಿಯೋಗಳಲ್ಲಿ ಹಲವು ಆ ಕಡೆಯೇ ಇದ್ದವು. 2008ರ ಜನವರಿ 4ಕ್ಕೆ ವಾರ್ನರ್ ಬ್ರದರ್ಸ್ ಇನ್ನು ಬ್ಲೂ-ರೇ ಮಾತ್ರ ಅಂದಿತು. ಫೆಬ್ರವರಿ 19ಕ್ಕೆ ತೋಷಿಬಾ ಕೈಬಿಟ್ಟಿತು. ಎರಡು ವರ್ಷ ತುಂಬುವ ಮೊದಲೇ ಎಲ್ಲ ಮುಗಿಯಿತು. ಚಿತ್ರದ ಗುಣಮಟ್ಟ ಈ ತೀರ್ಮಾನದಲ್ಲಿ ಎಲ್ಲೂ ಬರಲಿಲ್ಲ.

ಈಗ ಪ್ಲೇಯರ್ ಮೈಸೂರಿನಲ್ಲಿದೆ. ಅಮೆರಿಕದ 120 ವೋಲ್ಟಿನದು, ಹಾಗಾಗಿ ಪಕ್ಕದಲ್ಲಿ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇಟ್ಟು ಓಡಿಸುತ್ತೇನೆ. ನನ್ನ ಮೂವತ್ತು ಚಿಲ್ಲರೆ ಡಿಸ್ಕ್‌ಗಳಲ್ಲಿ ಕೆಲವು, ಒಂದು ಗೀರೂ ಇಲ್ಲದಿದ್ದರೂ, ಅರ್ಧಕ್ಕೆ ನಿಂತುಬಿಡುತ್ತಿವೆ. ಪದರ ಒಳಗಿಂದಲೇ ಹಾಳಾಗುತ್ತಿದೆ. ಯಾರ ಹತ್ತಿರವಾದರೂ ಇಂಥ ಡಿಸ್ಕ್ ಇದ್ದರೆ ಸುಮ್ನೆ ಕಪಾಟಿನಲ್ಲಿ ಇಡಬೇಡಿ, ತೆಗೆದು ಒಮ್ಮೆ ಪೂರ್ತಿ ಓಡಿಸಿ ನೋಡಿ. ಇನ್ನು ಸಂಪಾದಕರಲ್ಲಿ ಒಂದು ವಿನಂತಿ. ಮುಂದಿನ ಪುರವಣಿಯಲ್ಲಿ ಆ ಒಂದು ಸಾಲನ್ನು ತಿದ್ದಿ. ಹಾಗೇ ಇಂಥ ಹಳೇ ಪ್ಲೇಯರಿನ ಲೇಸರ್ ಬದಲಿಸಿ ಕೊಡುವ ಮೆಕ್ಯಾನಿಕ್‌ಗಳು ನಮ್ಮ ರಾಜ್ಯದಲ್ಲಿ ಎಲ್ಲಾದರೂ ಇದ್ದರೆ ಅವರ ಬಗ್ಗೆಯೂ ಬರೆಯಿರಿ. ನಾನು ಎರಡು ವರ್ಷದಿಂದ ಹುಡುಕುತ್ತಿದ್ದೇನೆ.

ನಿಮ್ಮ ಓದುಗ,
ಮೈಸೂರು